ಒಬ್ಬರಲ್ಲ, ಇಬ್ಬರು ಪುಟ್ಟಜ್ಜಿಯರು

ಪ್ರಶ್ನೆ: ನಮ್ಮದು ಹಾಸನ ಜಿಲ್ಲೆಯ ಒಂದು ಹಳ್ಳಿಯ ಸ್ಮಾರ್ತ ಕುಟುಂಬ. ಈಗ ಎಲ್ಲರೂ ಬೆಂಗಳೂರು, ಮೈಸೂರಿನಲ್ಲಿದ್ದೇವೆ. ಹೋದ ವರ್ಷ ಅಣ್ಣನ ಗೃಹಪ್ರವೇಶಕ್ಕೆ ವಂಶವೃಕ್ಷ ಬರೆಸಿ ಫ್ರೇಮ್ ಹಾಕಿಸಿದರು. ಏಳು ತಲೆಮಾರು, 43 ಹೆಸರು. ಒಂದೂ ಹೆಂಗಸಿನದಲ್ಲ. ನನಗೆ ತಾತನ ತಾಯಿಯ ಬಗ್ಗೆ ತಿಳಿಯಬೇಕು. ಎಲ್ಲರೂ ಅವರನ್ನು ಪುಟ್ಟಜ್ಜಿ ಅನ್ನುತ್ತಾರೆ, ನಿಜವಾದ ಹೆಸರು ಯಾರಿಗೂ ಗೊತ್ತಿಲ್ಲ. ತವರು ತಿಪಟೂರು ಕಡೆ ಅಂತಾರೆ. ತಾತನೇ ದೊಡ್ಡ ಮಗ. ಶಾಲೆಯ ದಾಖಲೆಯಲ್ಲಿ ಹುಟ್ಟಿದ ವರ್ಷ 1912. ತನಗೆ ಆರು ವರ್ಷವಿದ್ದಾಗ ತಾಯಿ ಜ್ವರ ಬಂದು ಮೂರೇ ದಿನಕ್ಕೆ ಹೋದರು ಅಂತ ಹೇಳುತ್ತಿದ್ದರಂತೆ. ಆದರೆ 84 ವರ್ಷದ ನಮ್ಮ ಸೋದರತ್ತೆ ‘ಪುಟ್ಟಜ್ಜಿಯನ್ನು ನಾನೇ ನೋಡಿದ್ದೇನೆ, ಕೆಂಪು ಸೀರೆ ಉಟ್ಟು ತಲೆ ತುಂಬ ಸೆರಗು ಹೊದ್ದು ಮಡಿಯಲ್ಲಿರುತ್ತಿದ್ದರು, ಹತ್ತಿರ ಹೋದರೆ ಬೈಯುತ್ತಿದ್ದರು’ ಅನ್ನುತ್ತಾರೆ. ಪಿತೃಪಕ್ಷದ ನವಮಿ ದಿನ ನಮ್ಮ ಮನೆಯಲ್ಲಿ ಒಬ್ಬ ಮುತ್ತೈದೆಗೆ ಊಟ ಹಾಕಿ ಸೀರೆ ಕೊಡುತ್ತಾರೆ. ಯಾಕೆ ಅಂದರೆ ‘ಮೊದಲಿಂದ ಬಂದದ್ದು’ ಅಂತಾರೆ. ಹಳ್ಳಿಯಲ್ಲಿ ‘ಅಜ್ಜಿ ಹೊಲ’ ಅಂತ ಎರಡು ಎಕರೆ ಇದೆ. ಅಕ್ಷರ ಕೊರೆದ ತಾಮ್ರದ ಹಂಡೆ ಒಂದಿದೆ. ಇಷ್ಟರಿಂದ ಏನಾದರೂ ಗೊತ್ತಾಗುತ್ತದೆಯೇ? ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಹುಡುಕುತ್ತಿರುವುದು ಒಬ್ಬರನ್ನಲ್ಲ, ಇಬ್ಬರನ್ನು ಅಂತ ನನಗೆ ಬಲವಾದ ಗುಮಾನಿ.

ಪಿತೃಪಕ್ಷದ ನವಮಿಗೆ ಅವಿಧವಾ ನವಮಿ ಅಂತ ಹೆಸರು. ಗಂಡ ಬದುಕಿರುವಾಗಲೇ ತೀರಿಕೊಂಡ ಹೆಂಗಸರಿಗಾಗಿ ಇರುವ ದಿನ ಅದು. ಮುತ್ತೈದೆಗೆ ಊಟ ಹಾಕಿ ಸೀರೆ ಕೊಡುವುದು ಅದಕ್ಕೇ. ಅಂದರೆ ನಿಮ್ಮ ಮನೆಯಲ್ಲಿ ಯಾರೋ ಒಬ್ಬರು ಮುತ್ತೈದೆಯಾಗಿ ಹೋಗಿದ್ದಾರೆ. ತಾತನ ಮಾತೂ ಅದನ್ನೇ ಹೇಳುತ್ತದೆ: ತಾನು ಚಿಕ್ಕವನಿದ್ದಾಗ, ಜ್ವರದಲ್ಲಿ, ಮೂರು ದಿನಕ್ಕೆ. ಆದರೆ ನಿಮ್ಮ ಸೋದರತ್ತೆ ಹುಟ್ಟಿದ್ದು 1940ರ ಆಸುಪಾಸು. ಅವರು ನೋಡಿದ್ದು ಕೆಂಪು ಸೀರೆಯ ಮಡಿ ಹೆಂಗಸನ್ನು. ಆಗಿನ ಕಾಲದ ಸ್ಮಾರ್ತ ಮನೆಯಲ್ಲಿ ಅದು ವಿಧವೆಯ ಉಡುಗೆ, ಅಲ್ವಾ? 1918ರ ಹೊತ್ತಿಗೆ ಮುತ್ತೈದೆಯಾಗಿ ತೀರಿಕೊಂಡವರು 1940ರ ದಶಕದ ಕೊನೆಯಲ್ಲಿ ವಿಧವೆಯಾಗಿ ಮೊಮ್ಮಗಳನ್ನು ಬೈಯುವುದಕ್ಕೆ ಆಗುವುದಿಲ್ಲ. ಅತ್ತೆಯೂ ಸುಳ್ಳು ಹೇಳುತ್ತಿಲ್ಲ, ತಾತನೂ ಹೇಳಿಲ್ಲ. ಮುತ್ತಾತ ಇನ್ನೊಂದು ಮದುವೆಯಾಗಿದ್ದಾರೆ. ತಾತನನ್ನು ಹೆತ್ತವರು ಒಬ್ಬರು, ಸಾಕಿದವರು ಇನ್ನೊಬ್ಬರು. ಇಬ್ಬರಿಗೂ ‘ಪುಟ್ಟಜ್ಜಿ’ ಅನ್ನುವ ಒಂದೇ ಹೆಸರು ಅಂಟಿಕೊಂಡಿದೆ.

ಇದೇನೂ ಅಪರೂಪವಲ್ಲ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಹೆಂಡತಿ ಸತ್ತರೆ ಗಂಡಸಿಗೆ ವರ್ಷ ತುಂಬುವುದರೊಳಗೆ ಮದುವೆ ಮಾಡುತ್ತಿದ್ದರು. ಎಷ್ಟೋ ಸಲ ಸತ್ತವಳ ತಂಗಿಯನ್ನೇ ತರುತ್ತಿದ್ದರು. ಮಕ್ಕಳು ಹೊಸಬರನ್ನೂ ಅಮ್ಮ ಅಂತಲೇ ಕರೆಯುತ್ತಿದ್ದರು, ಮೊಮ್ಮಕ್ಕಳು ಅಜ್ಜಿ ಅಂತ ಕರೆಯುತ್ತಿದ್ದರು. ಎರಡು ತಲೆಮಾರು ಕಳೆಯುವ ಹೊತ್ತಿಗೆ ಇಬ್ಬರು ಒಬ್ಬರಾಗಿಬಿಡುತ್ತಾರೆ. ಪುಟ್ಟಜ್ಜಿ, ದೊಡ್ಡಮ್ಮ, ಅಕ್ಕಯ್ಯ, ಅಮ್ಮಣ್ಣಿ, ಪಾಪಮ್ಮ: ಇವುಗಳನ್ನೆಲ್ಲ ಹೆಸರು ಅಂದುಕೊಳ್ಳಬೇಡಿ, ಮನೆಯಲ್ಲಿ ಅವರು ಕೂರುತ್ತಿದ್ದ ಜಾಗದ ಗುರುತು ಅಂದುಕೊಳ್ಳಿ. ಒಬ್ಬರು ಎದ್ದ ಜಾಗದಲ್ಲಿ ಇನ್ನೊಬ್ಬರು ಬಂದು ಕೂರುತ್ತಾರೆ.

ಹಾಗಾಗಿ ಹೆಸರು ಹಿಡಿದು ಹುಡುಕಬೇಡಿ. ಹೆಸರು ಕೊನೆಗೆ ಸಿಗುತ್ತದೆ. ಮೊದಲು ಅವರ ಅಪ್ಪ ಯಾರು, ಅಣ್ಣತಮ್ಮ ಯಾರು, ಯಾವ ಊರಿನಿಂದ ಬಂದರು ಅನ್ನುವುದನ್ನು ಹುಡುಕಿ. ನಮ್ಮಲ್ಲಿ ಗಂಡನ ಮನೆಯ ಕಾಗದಗಳು ಹೆಂಗಸಿನ ಬಗ್ಗೆ ಬಾಯಿ ಬಿಡುವುದು ಕಡಿಮೆ. ತವರಿನ ಕಡೆಯವು ಸ್ವಲ್ಪ ಜಾಸ್ತಿ ಮಾತಾಡುತ್ತವೆ.

ನಿಮ್ಮ ವಿಷಯದಲ್ಲಿ ಒಂದು ಅದೃಷ್ಟವಿದೆ. ತಾತ ಪಿತೃಪಕ್ಷ ಮಾಡುತ್ತಿದ್ದವರು. ಮಹಾಲಯದ ತರ್ಪಣಕ್ಕೆ ಹೆಸರುಗಳ ಪಟ್ಟಿ ಬೇಕು. ಎಲ್ಲ ಹೆಸರೂ ನೆನಪಿರುವುದಿಲ್ಲ ಅಂತ ಹೆಚ್ಚಿನವರು ಒಂದು ಚೀಟಿಯಲ್ಲೋ, ಪಂಚಾಂಗದ ಕೊನೆಯ ಹಾಳೆಯಲ್ಲೋ, ಮಂತ್ರದ ಪುಸ್ತಕದ ರಟ್ಟಿನ ಒಳಗೋ ಬರೆದಿಟ್ಟುಕೊಳ್ಳುತ್ತಾರೆ. ಆ ಚೀಟಿಯನ್ನು ಹುಡುಕಿ. ನಿಮ್ಮ ತಂದೆಯದಲ್ಲ, ತಾತನದೇ ಬೇಕು. ಯಾಕೆ ಅಂತ ಹೇಳುತ್ತೇನೆ.

ತರ್ಪಣದಲ್ಲಿ ಅಪ್ಪ, ಅಜ್ಜ, ಮುತ್ತಜ್ಜ ಆದ ಮೇಲೆ ತಾಯಿ, ಅಜ್ಜಿ, ಮುತ್ತಜ್ಜಿಯ ಹೆಸರು ಬರುತ್ತದೆ. ಹಾಗಾಗಿ ತಂದೆಯವರ ಪಟ್ಟಿಯಲ್ಲೂ ನಿಮ್ಮ ಮುತ್ತಜ್ಜಿ ‘ಪಿತಾಮಹೀ’ ಅನ್ನುವ ಜಾಗದಲ್ಲಿ ಇರುತ್ತಾರೆ. ಹೆಸರಷ್ಟೇ ಬೇಕಿದ್ದರೆ ಅದು ಸಾಕು. ಆದರೆ ಅಲ್ಲಿ ಅವರ ಗೋತ್ರ ಗಂಡನ ಗೋತ್ರವೇ. ತವರಿನ ಸುಳಿವು ಸಿಗುವುದಿಲ್ಲ. ತಾತನ ಪಟ್ಟಿಯಲ್ಲಿ ಇದರ ಮುಂದೆ ಇನ್ನೊಂದು ಸಾಲು ಇರುತ್ತದೆ: ಮಾತಾಮಹ, ಅವರ ತಂದೆ, ಅವರ ತಂದೆ. ಅಂದರೆ ತಾತನ ತಾಯಿಯ ಅಪ್ಪ, ಅಜ್ಜ, ಮುತ್ತಜ್ಜ, ಅವರ ಗೋತ್ರದ ಸಮೇತ. ಜೊತೆಗೆ ಮಾತಾಮಹೀ, ಅಂದರೆ ಆ ತಾಯಿಯ ತಾಯಿ. ಗಂಡುಮಕ್ಕಳು ಮಾಡುವ ಕರ್ಮದೊಳಗೆ ಒಬ್ಬ ಹೆಂಗಸಿನ ತವರುಮನೆಯ ಮೂರು ತಲೆಮಾರು ಸುಮ್ನೆ ಕೂತಿರುತ್ತದೆ. ಮಗ ಸತ್ತ ಮೇಲೆ ಆ ಸಾಲನ್ನು ಯಾರೂ ಹೇಳುವುದಿಲ್ಲ. ಮೊಮ್ಮಗನ ಪಟ್ಟಿಯಲ್ಲಿ ಅವನ ತಾಯಿಯ ತವರು ಬಂದು ಕೂರುತ್ತದೆ. ಅದಕ್ಕೇ ತಾತನ ಚೀಟಿ ಬೇಕು ಅಂದದ್ದು.

ಅದೇ ಪಟ್ಟಿಯಲ್ಲಿ ‘ಸಾಪತ್ನಮಾತೃ’ ಅಂತ ಒಂದು ಸ್ಥಾನ ಇದೆಯೇ ನೋಡಿ. ಮಲತಾಯಿಯ ಸ್ಥಾನ ಅದು. ಅಲ್ಲಿ ಹೆಸರಿದ್ದರೆ ನನ್ನ ಗುಮಾನಿ ನಿಜ, ಎರಡನೆಯವರ ಹೆಸರೂ ಅಲ್ಲೇ ಸಿಕ್ಕಿತು. ಒಂದು ಮಾತು, ಹೆಂಗಸರ ಹೆಸರಿನ ಕೊನೆಗೆ ‘ದಾ’ ಸೇರಿಸಿ ಹೇಳುವ ರೂಢಿಯಿದೆ. ‘ಲಕ್ಷ್ಮೀದಾ’ ಅಂತ ಇದ್ದರೆ ಅದೇನಪ್ಪಾ ವಿಚಿತ್ರ ಹೆಸರು ಅಂತ ಗಾಬರಿಯಾಗಬೇಡಿ. ಮನೆಯಲ್ಲಿ ಅವರು ಲಕ್ಷ್ಮಮ್ಮನೋ ಲಕ್ಷ್ಮೀದೇವಮ್ಮನೋ ಆಗಿರುತ್ತಾರೆ.

ಚೀಟಿ ಸಿಗದಿದ್ದರೆ ಅತ್ತೆಯನ್ನು ಒಂದೇ ಪ್ರಶ್ನೆ ಕೇಳಿ: ‘ತಾತ ವರ್ಷಕ್ಕೆ ಎಷ್ಟು ತಿಥಿ ಮಾಡುತ್ತಿದ್ದರು, ಯಾವ ಯಾವ ತಿಂಗಳಲ್ಲಿ?’ ಎಷ್ಟು ವಡೆ ಆಗುತ್ತಿತ್ತು, ಹಬ್ಬಕ್ಕೆ ಮುಂಚೆಯೋ ಆಮೇಲೋ ಅನ್ನುವುದು ಹೆಂಗಸರಿಗೆ ಮರೆಯುವುದಿಲ್ಲ. ಯಾಕೆಂದರೆ ಕೆಲಸ ಅವರದು. ಎರಡು ಅಂದರೆ ತಂದೆ, ತಾಯಿ. ಮೂರು ಅಂದರೆ ಮಲತಾಯಿಯೂ ಸೇರಿದ್ದಾರೆ.

ಇನ್ನು ವರ್ಷದ ಲೆಕ್ಕ. 1912ಕ್ಕೆ ಆರು ಸೇರಿಸಿದರೆ 1918. ಆ ವರ್ಷದ ಮಳೆಗಾಲದ ಕೊನೆಯಲ್ಲಿ ಇನ್‌ಫ್ಲುಯೆಂಜಾ ದೇಶವನ್ನೆಲ್ಲ ಬಡಿಯಿತು. ಕೆಲವೇ ತಿಂಗಳಲ್ಲಿ ಒಂದು ಕೋಟಿಗೂ ಹೆಚ್ಚು ಜನ ಸತ್ತರು. ಆ ಜ್ವರದ ವಿಚಿತ್ರ ಏನೆಂದರೆ, ಮುದುಕರಿಗಿಂತ 20ರಿಂದ 40ರ ಪ್ರಾಯದವರನ್ನೇ ಅದು ಜಾಸ್ತಿ ಹಿಡಿಯಿತು. ನಮ್ಮ ದೇಶದಲ್ಲಿ ಗಂಡಸರಿಗಿಂತ ಹೆಂಗಸರು ಹೆಚ್ಚು ಸತ್ತರು. ಕಾಯಿಲೆಯವರ ಪಕ್ಕ ಕೂತು ನೋಡಿಕೊಳ್ಳುತ್ತಿದ್ದವರು ಅವರೇ ತಾನೆ. ಮೂರು ದಿನದ ಜ್ವರ, ಚಿಕ್ಕ ಮಕ್ಕಳ ತಾಯಿ, 1918: ಕತೆ ಸರಿಯಾಗಿ ಕೂರುತ್ತದೆ.

ಆದರೆ ಸರಿಯಾಗಿ ಕೂತಿತು ಅಂತ ತಕ್ಷಣ ನಂಬಬೇಡಿ. ಈ ಕೆಲಸದಲ್ಲಿ ನಾನು ತಿಂದ ಪೆಟ್ಟುಗಳೆಲ್ಲ ಚೆನ್ನಾಗಿ ಕೂತ ಕತೆಗಳಿಂದಲೇ. ಶಾಲೆಯ ದಾಖಲೆಯ ಹುಟ್ಟಿದ ತಾರೀಕು ಬಹಳ ಸಲ ಮೇಷ್ಟರು ಅಂದಾಜಿನಲ್ಲಿ ಬರೆದದ್ದು. ತಾತನ ಜಾತಕ ಇದ್ದರೆ ಅದರಲ್ಲಿ ಸಂವತ್ಸರ ನೋಡಿ. 1912ರ ಯುಗಾದಿಯಿಂದ ಪರಿಧಾವಿ ಸಂವತ್ಸರ. ಯುಗಾದಿಗೆ ಮುಂಚೆ ಹುಟ್ಟಿದ್ದರೆ ವಿರೋಧಿಕೃತು. ಇವೆರಡೂ ಅಲ್ಲದೆ ಬೇರೆ ಇದ್ದರೆ ಶಾಲೆಯ ವರ್ಷವನ್ನು ಬಿಟ್ಟು ಜಾತಕವನ್ನೇ ನಂಬಿ. ಆಮೇಲೆ ತಾಯಿಯ ತಿಥಿಯ ಮಾಸ ಕೇಳಿ. ಆಶ್ವಯುಜವೋ ಕಾರ್ತೀಕವೋ ಆದರೆ ಅದು ಆ ವರ್ಷ ಅಕ್ಟೋಬರ್, ನವೆಂಬರಿಗೆ ಬೀಳುತ್ತದೆ, ಜ್ವರದ ಕಾಲಕ್ಕೆ ಹೊಂದುತ್ತದೆ. ಚೈತ್ರ, ವೈಶಾಖ ಅಂದರೆ ಇನ್‌ಫ್ಲುಯೆಂಜಾ ಅಲ್ಲ. ಪ್ಲೇಗ್ ಇರಬಹುದು, ಬಾಣಂತಿ ಜ್ವರ ಇರಬಹುದು. ಪ್ಲೇಗ್ 1898ರಲ್ಲಿ ಬೆಂಗಳೂರಿಗೆ ಬಂದದ್ದು, ಆಮೇಲೆ ಎಷ್ಟೋ ವರ್ಷ ಸಂಸ್ಥಾನವನ್ನು ಬಿಟ್ಟುಹೋಗಲಿಲ್ಲ.

ಹಳಬರು ಇಸವಿ ಹೇಳುವುದಿಲ್ಲ, ಸಂವತ್ಸರವನ್ನೋ ಏನಾದರೊಂದು ಘಟನೆಯನ್ನೋ ಹೇಳುತ್ತಾರೆ. ‘ಧಾತು ಈಶ್ವರದ ಬರ’ ಅಂದರೆ 1876ರಿಂದ 1878. ಇನ್‌ಫ್ಲುಯೆಂಜಾದ ವರ್ಷ ಕಾಳಯುಕ್ತಿ. ಕಾವೇರಿಗೆ ದೊಡ್ಡ ಪ್ರವಾಹ ಬಂದ 1924 ರಕ್ತಾಕ್ಷಿ. ‘ಕನ್ನಂಬಾಡಿ ಕಟ್ಟುವಾಗ’ ಅಂದರೆ 1911ರಿಂದ ಮುಂದಿನ ಇಪ್ಪತ್ತು ವರ್ಷದಲ್ಲಿ ಯಾವಾಗ ಬೇಕಾದರೂ. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ ಅನ್ನುವುದನ್ನು ಮರೆಯಬೇಡಿ. ಒಂದು ಸುತ್ತು ತಪ್ಪಿದರೆ ಅಜ್ಜಿ ಮೊಮ್ಮಗಳಾಗಿಬಿಡುತ್ತಾರೆ.

ಮುತ್ತಜ್ಜಿ ಹುಟ್ಟಿದ್ದು ಯಾವಾಗ ಅಂತಲೂ ಸುಮಾರಾಗಿ ಹೇಳಬಹುದು. ಎಂಟು ವರ್ಷದೊಳಗಿನ ಹುಡುಗಿಗೆ ಮದುವೆ ಮಾಡಬಾರದು ಅಂತ ಮೈಸೂರು ಸಂಸ್ಥಾನದಲ್ಲಿ 1894ರಲ್ಲೇ ಕಾನೂನಾಗಿತ್ತು. ಎಂಟು! ಆಗ ಅದೇ ದೊಡ್ಡ ಸುಧಾರಣೆ. ನಿಮ್ಮಂಥ ಮನೆಗಳಲ್ಲಿ ಎಂಟರಿಂದ ಹನ್ನೆರಡರೊಳಗೆ ಮದುವೆ, ಮೈನೆರೆದ ಮೇಲೆ ಗಂಡನ ಮನೆಗೆ. 1912ರಲ್ಲಿ ಮೊದಲ ಮಗು ಅಂದರೆ 1893ರಿಂದ 1897ರೊಳಗೆ ಹುಟ್ಟಿರಬೇಕು. ತೀರಿಕೊಂಡಾಗ 21ರಿಂದ 25. ‘ಅಜ್ಜಿ’ ಅನ್ನಿಸಿಕೊಳ್ಳುವ ವಯಸ್ಸೇ ಅಲ್ಲ. ಅವರನ್ನು ಬದುಕಿರುವಾಗ ಯಾರೂ ಪುಟ್ಟಜ್ಜಿ ಅಂತ ಕರೆದಿರಲಾರರು.

ಈಗ ತವರೂರು. ನೀವು ಪತ್ರದಲ್ಲಿ ಹಗುರವಾಗಿ ಬರೆದ ಒಂದು ಮಾತು, ತಾತನೇ ದೊಡ್ಡ ಮಗ ಅನ್ನುವುದು, ನನಗೆ ಬಹಳ ಮುಖ್ಯ. ಚೊಚ್ಚಲ ಹೆರಿಗೆ ತವರಿನಲ್ಲಿ. ಹಾಗಾದರೆ ತಾತ ಹುಟ್ಟಿದ್ದು ಹಾಸನದ ಹಳ್ಳಿಯಲ್ಲಿ ಅಲ್ಲ, ತಾಯಿಯ ತವರೂರಿನಲ್ಲಿ. ಜಾತಕದಲ್ಲಿ ಊರು ಬರೆದಿದ್ದರೆ ಅದೇ ನಿಮಗೆ ಬೇಕಾದ ಊರು. ಶಾಲೆಯ ದಾಖಲಾತಿ ಪುಸ್ತಕದಲ್ಲೂ ಹುಟ್ಟಿದ ಸ್ಥಳದ ಅಂಕಣ ಇದ್ದರೆ ಬಿಡದೆ ನೋಡಿ. ಎಷ್ಟೋ ಜನ ತಾತನ ಜನನ ದಾಖಲೆಯನ್ನು ತಾತ ಬೆಳೆದ ಊರಿನಲ್ಲಿ ಹುಡುಕಿ, ಸಿಗಲಿಲ್ಲ ಅಂತ ಕೈಬಿಡುತ್ತಾರೆ. ತಪ್ಪು ತಾಲ್ಲೂಕಿನಲ್ಲಿ ಹುಡುಕಿದರೆ ಹೇಗೆ ಸಿಗುತ್ತದೆ? ಆಗ ಹುಟ್ಟುಸಾವು ಬರೆಯುತ್ತಿದ್ದವರು ಊರಿನ ಪಟೇಲರು. ಆ ಪುಸ್ತಕಗಳು ಎಲ್ಲ ಕಡೆ ಉಳಿದಿಲ್ಲ. ಉಳಿದ ಕಡೆ ಮಗುವಿನ ಹೆಸರು ಇರುವುದಿಲ್ಲ, ‘ಗಂಡು’ ಅಂತಷ್ಟೇ ಇರುತ್ತದೆ. ಒಂದು ತಾಲ್ಲೂಕು ಕಚೇರಿಯಲ್ಲಿ ನನಗೆ ಬೇಕಿದ್ದ ವರ್ಷದ ಪುಸ್ತಕವನ್ನು ತಂದು ಮುಂದಿಟ್ಟರು. ತೆರೆದರೆ ರಟ್ಟು ಮಾತ್ರ ಇತ್ತು, ಒಳಗಿನದನ್ನು ಗೆದ್ದಲು ಓದಿ ಮುಗಿಸಿತ್ತು. ಹಾಗಾಗಿ ಒಂದೇ ದಾಖಲೆಯನ್ನು ನಂಬಿ ಕೂರಬೇಡಿ.

ಜನಗಣತಿಯಲ್ಲಿ ಸಿಗುತ್ತಾ ಅಂತ ಬಹಳ ಜನ ಕೇಳುತ್ತಾರೆ. ಇಲ್ಲ. ಬ್ರಿಟನ್ನಿನಲ್ಲಿ ನೂರು ವರ್ಷ ಕಳೆದ ಮೇಲೆ ಮನೆಮನೆಯ ಗಣತಿ ಹಾಳೆಗಳನ್ನು ಜನರಿಗೆ ತೆರೆದಿಡುತ್ತಾರೆ. ನಮ್ಮಲ್ಲಿ ಉಳಿದಿರುವುದು ಒಟ್ಟು ಲೆಕ್ಕದ ಕೋಷ್ಟಕಗಳು ಮಾತ್ರ, ಹೆಸರುಗಳಲ್ಲ. ಆದರೂ 1911ರ ವರದಿಯಿಂದ ಒಂದು ಸಂಗತಿ ತಿಳಿಯುತ್ತದೆ: ಆಗ ಸಂಸ್ಥಾನದಲ್ಲಿ ಓದುಬರಹ ಬಲ್ಲ ಹೆಂಗಸರು ನೂರಕ್ಕೆ ಇಬ್ಬರಿಗಿಂತ ಕಡಿಮೆ. ನಿಮ್ಮ ಮುತ್ತಜ್ಜಿಯ ಕೈಬರಹ ಸಿಗುತ್ತದೆ ಅನ್ನುವ ಆಸೆಯನ್ನು ಸ್ವಲ್ಪ ಕಡಿಮೆ ಇಟ್ಟುಕೊಳ್ಳಿ.

‘ಅಜ್ಜಿ ಹೊಲ’ದ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಅದು ಎರಡನೆಯ ಅಜ್ಜಿಯದು. ಹೆಂಗಸಿನ ಹೆಸರಿಗೆ ಜಮೀನು ಬರುವ ದಾರಿಗಳು ಆಗ ನಾಲ್ಕಾರೇ. ತವರಿನವರು ಅರಿಶಿನ ಕುಂಕುಮಕ್ಕೆ ಅಂತ ಬರೆದುಕೊಡುತ್ತಿದ್ದರು. ಆದರೆ ಆ ಜಮೀನು ಸಾಮಾನ್ಯವಾಗಿ ತವರಿನ ಊರಲ್ಲೇ ಇರುತ್ತದೆ. ತಿಪಟೂರು ಕಡೆಯ ಅಪ್ಪ ಹಾಸನದ ಹಳ್ಳಿಯಲ್ಲಿ ಎಲ್ಲಿಂದ ಕೊಡಬೇಕು? ಇನ್ನೊಂದು ದಾರಿ, ಗಂಡ ತೀರಿಕೊಂಡ ಮೇಲೆ ಜೀವನಾಂಶಕ್ಕೆ ಅಂತ ಬಿಟ್ಟುಕೊಟ್ಟದ್ದು. ಮಲಮಗ ಮತ್ತು ವಿಧವೆ ಇರುವ ಮನೆಯಲ್ಲಿ ಹೀಗೆ ಎರಡು ಎಕರೆ ಬಿಡಿಸಿಕೊಡುವುದು ನಡೆಯುತ್ತಿತ್ತು. ಮೈಸೂರಿನಲ್ಲಿ 1933ರಲ್ಲಿ ಹಿಂದೂ ಹೆಂಗಸರ ಹಕ್ಕಿನ ಕಾನೂನು ಬಂದ ಮೇಲೆ ಇಂಥ ಪತ್ರಗಳಿಗೆ ಇನ್ನಷ್ಟು ಬಲ ಬಂತು. ಮುತ್ತಾತ ತೀರಿಕೊಂಡ ವರ್ಷ ಗೊತ್ತಾದರೆ ಅದರ ಹಿಂದೆ ಮುಂದೆ ಐದೈದು ವರ್ಷ ಹುಡುಕಿ.

ಹೇಗೆ ಹುಡುಕುವುದು? ಈಗಿನ ಪಹಣಿ ತೆಗೆಸಿ. 9ನೇ ಕಾಲಂನಲ್ಲಿ ಹೆಸರು, 10ನೇ ಕಾಲಂನಲ್ಲಿ ಅದು ಹೇಗೆ ಬಂತು ಅಂತ ಮ್ಯುಟೇಶನ್ (ಖಾತೆ ಬದಲಾವಣೆ) ನಂಬರ್ ಇರುತ್ತದೆ. ಆ ನಂಬರ್ ಹಿಡಿದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಹಿಂದಿನದನ್ನು, ಅದರಿಂದ ಅದರ ಹಿಂದಿನದನ್ನು ಕೇಳುತ್ತಾ ಹೋಗಿ. ಕೈಬರಹದ ಪಹಣಿ, ಇಂಡೆಕ್ಸ್ ಆಫ್ ಲ್ಯಾಂಡ್, ಹಕ್ಕು ದಾಖಲೆ, ಹೀಗೆ ಮೆಟ್ಟಿಲು ಇಳಿದ ಹಾಗೆ. ‘ಭೂ ಸುರಕ್ಷಾ’ ಯೋಜನೆಯಲ್ಲಿ ತಾಲ್ಲೂಕು ಕಚೇರಿಗಳ ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ. ನಿಮ್ಮ ತಾಲ್ಲೂಕಿನದು ಆಗಿದೆಯೇ ಅಂತ ಮೊದಲು ವಿಚಾರಿಸಿ. ಒಂದು ಓಡಾಟ ಉಳಿಯುತ್ತದೆ.

ಪತ್ರ ರಿಜಿಸ್ಟರ್ ಆಗಿದ್ದರೆ ಉಪನೋಂದಣಿ ಕಚೇರಿಯಲ್ಲಿ ಹೆಸರಿನ ಸೂಚಿಯೂ ಇದೆ, ಆಸ್ತಿಯ ಸೂಚಿಯೂ ಇದೆ. ಸ್ಥಿರಾಸ್ತಿ ಪತ್ರಗಳ ಪುಸ್ತಕವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಹೆಸರು ಗೊತ್ತಿಲ್ಲದ ನಿಮಗೆ ಆಸ್ತಿಯ ಸೂಚಿಯೇ ಗತಿ. ಕಂಪ್ಯೂಟರಿಗೆ ಮುಂಚಿನ ವರ್ಷಗಳಾದ್ದರಿಂದ ಕೈಯಲ್ಲೇ ಹುಡುಕಬೇಕು. ತಾಳ್ಮೆ ಇರಲಿ.

ಪತ್ರ ಸಿಕ್ಕಿತು ಅನ್ನಿ. ಅದರಲ್ಲಿ ಗಂಡಸಿನ ಹೆಸರಿನ ಮುಂದೆ ‘ಬಿನ್’ ಅಂತ ಇದ್ದರೆ ಇಂಥವರ ಮಗ. ಹೆಂಗಸಿನ ಹೆಸರಿನ ಮುಂದೆ ‘ಕೋಂ’ ಅಂತ ಇದ್ದರೆ ಇಂಥವರ ಹೆಂಡತಿ. ಆ ಪುಟ್ಟ ‘ಕೋಂ’ ಒಂದು ಇಡೀ ತವರನ್ನು ನುಂಗಿ ಕೂತಿರುತ್ತದೆ. ‘ಉರುಫ್’ ಅಂತ ಕಂಡರೆ ಹಬ್ಬ ಮಾಡಿ. ‘ಪುಟ್ಟಮ್ಮ ಉರುಫ್ ನರಸಮ್ಮ’ ಅಂತಿದ್ದರೆ ಮನೆ ಹೆಸರು, ನಿಜ ಹೆಸರು ಎರಡೂ ಸಿಕ್ಕಿತು. ಆಮೇಲೆ ನೇರವಾಗಿ ಪತ್ರದ ಕೊನೆಗೆ ಹೋಗಿ. ಅಲ್ಲಿ ಹೆಬ್ಬೆಟ್ಟಿನ ಗುರುತು ಇರುತ್ತದೆ, ಸಾಕ್ಷಿಗಳ ರುಜು ಇರುತ್ತದೆ, ‘ಬಿಕ್ಕಲಂ’ ಅಂತ ಬರೆದವರ ಹೆಸರು ಇರುತ್ತದೆ. ಸಾಕ್ಷಿಗಳಲ್ಲಿ ಬೇರೆ ಊರಿನವರು ಯಾರಾದರೂ ಇದ್ದಾರೆಯೇ? ವಿಧವೆಯ ಪತ್ರಕ್ಕೆ ಅವಳ ಅಣ್ಣನೋ ತಮ್ಮನೋ ಬಂದು ಸಾಕ್ಷಿ ಹಾಕುವುದು ಸಾಮಾನ್ಯ. ಆ ಸಾಕ್ಷಿಯ ಊರೇ ತವರು. ಪತ್ರದ ಮೈಯಲ್ಲಿ ಇಲ್ಲದ್ದು ಬಾಲದಲ್ಲಿರುತ್ತದೆ.

ಕಾಗದದಲ್ಲಿ ಹೆಣ್ಣುಮಕ್ಕಳ ಹೆಸರು ಸಿಗುವ ಇನ್ನೊಂದು ಜಾಗ ಹಕ್ಕು ಬಿಡುಗಡೆ ಪತ್ರ. ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಬಂತು. ಆಮೇಲೆ ಎಷ್ಟೋ ಮನೆಗಳ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ದಿಢೀರನೆ ಕಾಣಿಸಿಕೊಂಡಿತು. ಯಾಕೆಂದರೆ ರುಜು ಬೇಕಿತ್ತು. ಹೆಸರು ದಾಖಲೆಗೆ ಬಂದದ್ದೇ ಹಕ್ಕು ಬಿಟ್ಟುಕೊಡುವಾಗ! ನಿಮ್ಮ ಮನೆಯ ಹಳೆಯ ಬಿಡುಗಡೆ ಪತ್ರಗಳಿದ್ದರೆ ತಾತನ ತಂಗಿಯರ ಮಕ್ಕಳು ಎಲ್ಲಿದ್ದಾರೆ ಅಂತಲೂ ಗೊತ್ತಾಗುತ್ತದೆ. ಅವರ ಮನೆಗಳಲ್ಲಿ ನಿಮ್ಮಲ್ಲಿ ಇಲ್ಲದ ನೆನಪುಗಳಿರುತ್ತವೆ.

ಇಷ್ಟೆಲ್ಲ ಕಚೇರಿ ಅಲೆಯುವ ಮುಂಚೆ ಆ ಹಂಡೆ ನೋಡಿ. ನೀವು ಅದನ್ನು ಕೊನೆಯಲ್ಲಿ ಬರೆದಿದ್ದೀರಿ, ನಾನಾಗಿದ್ದರೆ ಕಾಗದಗಳಿಗಿಂತ ಮೊದಲು ಅದನ್ನೇ ನೋಡುತ್ತಿದ್ದೆ. ಮದುವೆಯಲ್ಲಿ ಕೊಡುವ ಪಾತ್ರೆಗೆ ಹೆಸರು ಕೊರೆಸುವುದು ನಮ್ಮಲ್ಲಿ ಎಷ್ಟು ಖಾಯಿಷು ಅಂತ ನಿಮಗೇ ಗೊತ್ತು. ಯಾರು ಕೊಟ್ಟರು, ಯಾರಿಗೆ, ಯಾವತ್ತು. ಮುಯ್ಯಿ ಲೆಕ್ಕಕ್ಕೆ ಅದು ಬೇಕಿತ್ತು. ನನ್ನ ಸ್ವಂತ ಮುತ್ತಜ್ಜಿಯ ತವರಿಗಾಗಿ ಮೂರು ವರ್ಷ ಅಲೆದೆ. ಪತ್ರಾಗಾರಕ್ಕೂ ಹೋಗಿ ಬಂದೆ. ಕೊನೆಗೆ ಅದು ಸಿಕ್ಕಿದ್ದು ನಮ್ಮದೇ ಹಿತ್ತಲಿನ ಹಿತ್ತಾಳೆ ಕೊಳದಪ್ಪಲೆಯ ಅಂಚಿನಲ್ಲಿ, ದಾಸವಾಳದ ಗಿಡದ ಪಕ್ಕ ಕವುಚಿ ಬಿದ್ದಿತ್ತು. ಚುಕ್ಕಿ ಚುಕ್ಕಿಯಾಗಿ ಬಡಿದ ಅಕ್ಷರ. ಮೊದಲ ಎರಡು ಅಕ್ಷರ ಊರಿನ ಹೆಸರು ಅಂತ ಹೊಳೆಯುವುದಕ್ಕೆ ಇನ್ನೂ ಎರಡು ತಿಂಗಳು ಬೇಕಾಯಿತು. ನಾನು ಅದನ್ನು ಇನಿಷಿಯಲ್ ಅಂದುಕೊಂಡಿದ್ದೆ.

ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಸಬೀನಾ ಬೇಡವೇ ಬೇಡ. ಅಕ್ಷರ ಮೊದಲೇ ಸವೆದಿರುತ್ತದೆ. ಒಣಬಟ್ಟೆಯಲ್ಲಿ ಒರೆಸಿ ಸ್ವಲ್ಪ ಅಕ್ಕಿಹಿಟ್ಟು ಸವರಿ, ಮೇಲಿನದನ್ನು ಬೆರಳಲ್ಲಿ ಒರೆಸಿಬಿಡಿ. ಗೀರಿನಲ್ಲಿ ಹಿಟ್ಟು ನಿಲ್ಲುತ್ತದೆ. ಕತ್ತಲೆ ಕೋಣೆಯಲ್ಲಿ ಮೊಬೈಲಿನ ಟಾರ್ಚ್ ಪಕ್ಕದಿಂದ ಹಿಡಿದು ಫೋಟೋ ತೆಗೆಯಿರಿ. ಕಂಠದ ಸುತ್ತ ಪೂರ್ತಿ ನೋಡಿ, ತಳವನ್ನೂ ಬಿಡಬೇಡಿ. ಹಂಡೆ ಎರಡನೆಯ ಮದುವೆಯದ್ದೂ ಆಗಿರಬಹುದು ಅನ್ನುವುದು ಮಾತ್ರ ನೆನಪಿರಲಿ. ಅಕ್ಕ ಸತ್ತ ಮನೆಗೆ ತಂಗಿಯನ್ನೇ ಕೊಟ್ಟಿದ್ದರೆ ‘ತಿಪಟೂರು ಕಡೆ’ ಅನ್ನುವುದು ಇಬ್ಬರಿಗೂ ತವರು. ಬೇರೆ ಮನೆಯಿಂದ ತಂದಿದ್ದರೆ ಅದು ಯಾರ ತವರು ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ. ಮನೆಯಲ್ಲಿ ಹಳೆಯ ಫೋಟೋ ಏನಾದರೂ ಇದ್ದು ‘ಇದೇ ಪುಟ್ಟಜ್ಜಿ’ ಅಂತ ತೋರಿಸಿದರೂ ಇದೇ ಎಚ್ಚರ ಬೇಕು.

ಅತ್ತೆಯ ಹತ್ತಿರ ಕೂತು ಮಾತಾಡುವಾಗ ಹೆಸರು, ಇಸವಿ ಕೇಳಿ ಅವರನ್ನು ಗಾಬರಿ ಮಾಡಬೇಡಿ. ‘ಗೌರಿ ಹಬ್ಬಕ್ಕೆ ಪುಟ್ಟಜ್ಜಿಗೆ ಎಲ್ಲಿಂದ ದುಡ್ಡು ಬರುತ್ತಿತ್ತು? ಅವರನ್ನು ನೋಡಲು ಯಾರು ಬರುತ್ತಿದ್ದರು, ರೈಲಿನಲ್ಲೋ ಗಾಡಿಯಲ್ಲೋ? ಅವರು ಸತ್ತಾಗ ನಿಮಗೆಷ್ಟು ದಿನ ಮೈಲಿಗೆ? ತಾತ ಅವರನ್ನು ಏನಂತ ಕರೆಯುತ್ತಿದ್ದರು?’ ಹೀಗೆ ಕೇಳಿ. ಕೊನೆಯದು ಬಹಳ ಮುಖ್ಯ. ಹೆತ್ತ ತಾಯಿಯ ನೆನಪಿರುವ ಆರು ವರ್ಷದ ಹುಡುಗ ಹೊಸಬರನ್ನು ‘ಚಿಕ್ಕಮ್ಮ’ ಅಂತಲೇ ಕರೆದಿರಬಹುದು. ‘ಪುಟ್ಟಜ್ಜಿ’ಯಲ್ಲಿರುವ ‘ಪುಟ್ಟ’ ಅದೇ ‘ಚಿಕ್ಕ’ದ ನೆರಳಾಗಿರಲೂಬಹುದು. ಇದು ನನ್ನ ಊಹೆ ಅಷ್ಟೆ. ತಾತನ ಹೆಣ್ಣುಮಕ್ಕಳಲ್ಲಿ, ಮೊಮ್ಮಕ್ಕಳಲ್ಲಿ ಯಾರಿಗೆ ಯಾರ ಹೆಸರಿಟ್ಟರು ಅಂತಲೂ ಕೇಳಿ. ತಾಯಿಯನ್ನು ಬೇಗ ಕಳೆದುಕೊಂಡವರು ಮೊದಲ ಮಗಳಿಗೆ ಆ ಹೆಸರು ಇಟ್ಟು, ಅಮ್ಮನ ಹೆಸರು ಹಿಡಿದು ಬೈಯುವುದು ಹೇಗೆ ಅಂತ ಬೇರೇನೋ ಕರೆಯುತ್ತಿದ್ದರು. ಯಾರಿಗೆ ಗೊತ್ತು, ನಿಮ್ಮ ಅತ್ತೆಯ ಹೆಸರೇ ಉತ್ತರವಾಗಿರಬಹುದು.

ಇದೇ ರೀತಿ ಹುಡುಕುತ್ತಿರುವ ಬೇರೆ ಊರಿನವರಿಗೆ ಎರಡು ಮಾತು. ತರ್ಪಣ ಇಲ್ಲದ ಮನೆಗಳಲ್ಲಿ ಹಿರಿಯರ ಹಬ್ಬಕ್ಕೆ ಎಡೆ ಇಡುತ್ತಾರಲ್ಲ, ಅಲ್ಲಿ ಎಷ್ಟು ಸೀರೆ ಇಡುತ್ತಾರೆ, ಯಾರ ಯಾರ ಹೆಸರಿಗೆ ಅಂತ ಕೇಳಿ. ಹೆಸರೂ ದಾರಿ ತೋರಿಸುತ್ತದೆ: ಮಾದಮ್ಮ ಅಂದರೆ ಮಲೆ ಮಾದಪ್ಪನ ಒಕ್ಕಲು, ಮಂಜಮ್ಮ ಅಂದರೆ ಧರ್ಮಸ್ಥಳಕ್ಕೆ ನಡೆದುಕೊಳ್ಳುವವರು ಅನ್ನುವ ಹಾಗೆ ಮನೆದೇವರ ಸುಳಿವು ಅದರಲ್ಲಿರುತ್ತದೆ. ಧಾರವಾಡ, ಬೆಳಗಾವಿ ಕಡೆ ಕೆಲವು ಮನೆತನಗಳಲ್ಲಿ ಮದುವೆಯ ದಿನ ಸೊಸೆಗೆ ಹೊಸ ಹೆಸರಿಡುತ್ತಾರೆ. ತವರಿನ ಹೆಸರು ಬೇರೆ, ಗಂಡನ ಮನೆಯ ಹೆಸರು ಬೇರೆ. ಎರಡನ್ನೂ ಹುಡುಕಬೇಕು. ಅಲ್ಲಿನ ಹಳೆಯ ಕಾಗದಗಳು ಮರಾಠಿಯ ಹಳೆಯ ಮೋಡಿ ಲಿಪಿಯಲ್ಲಿರಬಹುದು, ಕಲಬುರಗಿ ಕಡೆಯವು ಉರ್ದುವಿನಲ್ಲಿ. ಎತ್ತಿನ ಮೇಲೆ ಬಂದು ವಂಶ ಹೊಗಳುವ ಹೆಳವರು ನಿಮ್ಮ ಊರಿಗೆ ಈಗಲೂ ಬರುತ್ತಿದ್ದರೆ ಅವರನ್ನು ಬರಿಗೈಯಲ್ಲಿ ಕಳಿಸಬೇಡಿ. ಅವರ ಲೆಕ್ಕ ಗಂಡಿನ ಸಾಲಿನದೇ ಆದರೂ ಮನೆತನ ಯಾವ ಊರಿನಿಂದ ಎದ್ದು ಬಂತು ಅನ್ನುವುದು ಅದರಲ್ಲಿರುತ್ತದೆ. ಅಳಿಯಸಂತಾನದ ತುಳುನಾಡಿನವರಿಗೆ ಈ ತಾಪತ್ರಯವೇ ಬೇರೆ. ಅಲ್ಲಿ ಬಳಿ, ಅಂದರೆ ಕುಲದ ಹೆಸರು, ತಾಯಿಯಿಂದ ಬರುವುದರಿಂದ ಮುತ್ತಜ್ಜಿ ಸಿಗುತ್ತಾರೆ, ಮುತ್ತಜ್ಜನೇ ಕಳೆದುಹೋಗಿರುತ್ತಾರೆ.

ಗೋಡೆಯ ಮೇಲಿನ ವಂಶವೃಕ್ಷಕ್ಕೆ ಈಗಲೇ ಕೈ ಹಾಕಬೇಡಿ. ಒಂದು ನೋಟ್‌ಬುಕ್ ಮಾಡಿ. ಮುತ್ತಾತನ ಹೆಸರಿನ ಪಕ್ಕ ಎರಡು ಗೆರೆ ಎಳೆಯಿರಿ. ಮೊದಲನೆಯದರಲ್ಲಿ ‘ಹೆಸರು ಗೊತ್ತಿಲ್ಲ, ಹುಟ್ಟು ಸುಮಾರು 1895, ಸಾವು ಸುಮಾರು 1918, ತಾತನ ಹೆತ್ತ ತಾಯಿ’. ಎರಡನೆಯದರಲ್ಲಿ ‘ಪುಟ್ಟಜ್ಜಿ, 1940ರ ದಶಕದ ಕೊನೆಯಲ್ಲಿ ಇದ್ದರು, ತಾತನನ್ನು ಸಾಕಿದವರು’. ಪ್ರತಿ ಮಾತಿನ ಪಕ್ಕ ಯಾರು ಹೇಳಿದ್ದು, ಯಾವತ್ತು ಹೇಳಿದ್ದು ಅಂತ ಬರೆಯಿರಿ. ನನ್ನ ಊಹೆಗಳನ್ನು ಪೆನ್ಸಿಲಿನಲ್ಲೇ ಬರೆಯಿರಿ.

ಮೊದಲು ಅತ್ತೆ, ಆಮೇಲೆ ಹಂಡೆ, ಆಮೇಲೆ ತಾತನ ಪುಸ್ತಕಗಳ ಪೆಟ್ಟಿಗೆ. ಕಚೇರಿಗಳು ಎಲ್ಲಿಗೂ ಓಡಿಹೋಗುವುದಿಲ್ಲ, ಅತ್ತೆಗೆ 84. ಹಂಡೆಯ ಮೇಲೆ ಓದಲು ಬಾರದ ಅಕ್ಷರ ಇದ್ದರೆ ಫೋಟೋ ಕಳಿಸಿ, ಸೇರಿ ಓದೋಣ.